ಸಮಯದ ಅಂಕಣ

ಅಕ್ಕನ ಬೆನ್ನು ನೆಟ್ಟಗಿತ್ತು. ಅಷ್ಟು ನೆಟ್ಟಗೆ ಕೂತಿದ್ದಾಳೆಂದರೆ ಹೆದರಿದ್ದಾಳೆ ಎಂದೇ ಅರ್ಥ. ಗಾಜಿನ ಈಚೆ, ಅವಳ ಹಿಂದೆ ಸ್ವಲ್ಪ ಬಲಕ್ಕೆ ಕೂತು ನೋಡುತ್ತಿದ್ದ ತಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು. ಚಿಕ್ಕಂದಿನಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲೂ ಅವಳು ಹೀಗೇ ಕೂತಿದ್ದಳು, ತನಗೇನೂ ಆಗುತ್ತಿಲ್ಲವೆಂಬ ಹಾಗೆ, ಹೊರಗೆ ಬೆಂಚಿನ ಮೇಲೆ ಗೋಳೋ ಎಂದು ಅತ್ತವನು ಹಲ್ಲು ಕೀಳಿಸಿಕೊಳ್ಳದ ಇವನು. ಈಗ ಅವಳು ಕೂತಿರುವುದು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ. ಮುಂದೆ ಟೆಲಿಫೋನು, ಕೀಲಿಮಣೆ, ಕೀಲಿಮಣೆಗೆ ತಾಗಿದ ಹಾಗೆ ಬ್ರೈಲ್ ಪಟ್ಟಿ: ಒಂದು ಕಪ್ಪು ಪೆಟ್ಟಿಗೆ, ಅದರ ಅಂಚಿನುದ್ದಕ್ಕೂ ನಲವತ್ತು ಸಣ್ಣ ಮನೆಗಳು, ಒಂದೊಂದು ಮನೆಯಲ್ಲೂ ಏಳುವ, ಬೀಳುವ ಚಿಕ್ಕಚಿಕ್ಕ ಮೊಳೆಗಳು. ಬೇರೆಯವರು ಪರದೆಯ ಮೇಲೆ ಕಣ್ಣಿನಲ್ಲಿ ಓದುವ ಒಂದು ಸಾಲನ್ನು ಆ ಮೊಳೆಗಳು ಅವಳ ಬೆರಳಿಗೆ ಮುಟ್ಟಿಸುತ್ತವೆ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಎಳೆದುಕೊಂಡು ಮೇಲ್ವಿಚಾರಕಿ ಕೂತಿದ್ದರು, ಕೈಯಲ್ಲೊಂದು ಪೆನ್ನು, ಬರೆಯುವುದಕ್ಕೆ ಕಾಗದವಿಲ್ಲ, ಸುಮ್ಮನೆ ಅದನ್ನು ಟಿಕ್ ಟಿಕ್ ಎನ್ನಿಸುತ್ತಿದ್ದರು. ಇವತ್ತು ಮಧ್ಯಾಹ್ನದವರೆಗೆ ಬರುವ ಫೋನುಗಳನ್ನು ಅಕ್ಕ ನಿಭಾಯಿಸಿದರೆ ಈ ಕುರ್ಚಿ ಮತ್ತೆ ಅವಳದಾಗುತ್ತದೆ. ಇಲ್ಲದಿದ್ದರೆ ಹಿಂದಿನ ಕೋಣೆ.

ಹಿಂದಿನ ಕೋಣೆಯೆಂದರೆ ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಸಾಮಾನು ಇಡುವ ಜಾಗ. ಅಲ್ಲಿ ಕೊಡೆಗಳಿವೆ, ಒಂಟಿ ಚಪ್ಪಲಿಗಳಿವೆ, ಯಾರೋ ಬಿಟ್ಟುಹೋದ ಮಗುವಿನ ಟೋಪಿ ಇದೆ, ಒಂದು ಮೇಜಿದೆ, ಮಾಡಲು ಏನೂ ಇಲ್ಲ. ಯಾರೂ ಬೈಯುವುದಿಲ್ಲ, ಯಾರೂ ಕರೆಯುವುದೂ ಇಲ್ಲ. "ಅಲ್ಲಿ ಕೂತ್ರೆ ನಾನೂ ಒಂದು ಕೊಡೇನೇ ಕಣೋ," ಎಂದಿದ್ದಳು ಅಕ್ಕ, ನಗುತ್ತಲೇ. ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ಸ್ವಲ್ಪಸ್ವಲ್ಪವೇ ತೆಗೆದುಕೊಂಡಿತು, ಯಾರಿಗೂ ಗಾಬರಿಯಾಗದ ಹಾಗೆ. ಮೊದಲು ಪರದೆಯ ಮೂಲೆ ಮಂಜಾಯಿತು, ಆಮೇಲೆ ಎದುರಿಗಿದ್ದವರ ಮುಖದ ಅರ್ಧ, ಆಮೇಲೆ ಬೆಳಕು ಯಾವ ಕಡೆಯಿದೆ ಎನ್ನುವುದಷ್ಟೇ ಉಳಿಯಿತು. ಅದಕ್ಕೂ ಅವಳು ಇಷ್ಟು ಹೆದರಿರಲಿಲ್ಲ. ಹೆದರಿದ್ದು ಡಾಕ್ಟರು ಕೊನೆಯಲ್ಲಿ, ಕೈ ತೊಳೆಯುತ್ತ ಹೇಳಿದ ಒಂದು ಮಾತಿಗೆ: ಈ ಕಾಯಿಲೆ ನರಗಳಿಗೂ ಇಳಿಯಬಹುದು, ಪಾದ ಜೋಮು ಹಿಡಿಯಬಹುದು, ಬೆರಳ ತುದಿಯೂ ಮರಗಟ್ಟಬಹುದು, ಸ್ವಲ್ಪ ಜೋಪಾನ. ಬ್ರೈಲ್ ಕಲಿಯಲು ಆಗಷ್ಟೇ ಶುರುಮಾಡಿದ್ದಳು. ಆವತ್ತಿನಿಂದ ಅವಳಿಗೊಂದು ಚಾಳಿ ಅಂಟಿಕೊಂಡಿತು. ಬೆಳಿಗ್ಗೆ ಮುಖ ತೊಳೆದ ಮೇಲೆ ಬಚ್ಚಲಲ್ಲೇ ನಿಂತು ಬಲಗೈ ತೋರುಬೆರಳನ್ನು ಟವಲಿನ ಅಂಚಿಗೆ ಉಜ್ಜಿ ನೋಡುವುದು, ಆಮೇಲೆ ಕೆಳತುಟಿಗೆ ತಾಗಿಸಿ ನೋಡುವುದು. ಬಾಗಿಲ ಸಂದಿಯಿಂದ ಅವನು ಅದನ್ನು ಕಂಡಿದ್ದ. ಕೇಳಿರಲಿಲ್ಲ. ಅವನು ಏನನ್ನೂ ಕೇಳುವ ಜಾತಿಯವನಲ್ಲ. ಕೇಳುವುದಕ್ಕಿಂತ ತಾನೇ ಎದ್ದು ಏನಾದರೂ ಮಾಡಿಬಿಡುವುದು ಅವನಿಗೆ ಸುಲಭ.

ಹಾಗೆ ಮಾಡಿಬಿಡುವುದರಲ್ಲಿ ಅವನು ಗಟ್ಟಿಗ. ಅವಳ ತಟ್ಟೆಗೆ ತಾನೇ ಬಡಿಸಿಬಿಡುತ್ತಿದ್ದ, ಅವಳ ಮಾತಿನ ಕೊನೆಯನ್ನು ತಾನೇ ಮುಗಿಸಿಬಿಡುತ್ತಿದ್ದ. ಹೋದ ವಾರ ಬಸ್ಸಿನಲ್ಲಿ ಒಬ್ಬರು ದೊಡ್ಡ ಮನುಷ್ಯರು, ಒಳ್ಳೆಯವರೇ, ಅಕ್ಕನ ಪಕ್ಕದಲ್ಲೇ ಕೂತು ಅವಳ ತಲೆಯ ಮೇಲಿಂದ ಇವನನ್ನು "ಇವರು ಎಲ್ಲಿ ಇಳೀಬೇಕು?" ಎಂದು ಕೇಳಿದರು. ಇವನು ಹೇಳಿಯೂಬಿಟ್ಟ! ಇಳಿದು ಸ್ವಲ್ಪ ದೂರ ನಡೆದ ಮೇಲೆ ಅಕ್ಕ, "ನಂಗೆ ಕಣ್ಣು ಹೋಯ್ತು ಅಂತ ಗೊತ್ತಿತ್ತು, ಬಾಯಿ ಯಾವಾಗ ಹೋಯ್ತೋ?" ಎಂದಳು. ಇವನಿಗೆ ನಗು ಬಂತು, ನಕ್ಕೂಬಿಟ್ಟ, ಆಮೇಲೆ ಮನೆಯ ಮೂರು ಮಹಡಿ ಹತ್ತುವಷ್ಟರಲ್ಲಿ ಆ ಮಾತು ಎದೆಯಲ್ಲಿ ಕೂತು ಊಟವೇ ಸೇರಲಿಲ್ಲ. ನಲವತ್ತು ದಾಟಿದ ಗಂಡಸು, ಆಫೀಸಿನಲ್ಲಿ ನಾಲ್ಕು ಜನರಿಗೆ ಬೇಕಾದವನು, ಅಕ್ಕನ ಒಂದು ತಮಾಷೆಗೆ ಹೀಗೆ ಕುಗ್ಗಿಹೋಗುವುದೇ? ಹೌದು, ಕುಗ್ಗುತ್ತಿದ್ದ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಅವನಿಗೆ ತಲೆ ಬಾಚಿ, ಲಾಡಿ ಕಟ್ಟಿ, ಶಾಲೆಯ ಗೇಟಿನವರೆಗೂ ಕೈ ಬಿಡದೆ ಕರೆದುಕೊಂಡು ಹೋದವಳು ಅವಳು. ಆ ಕೈಯನ್ನು ಈಗ ತಾನು ಹಿಡಿಯುತ್ತಿದ್ದೇನೆ ಎಂಬ ಜಂಬ ಅವನೊಳಗೆ ಎಲ್ಲೋ ಇತ್ತು. ಅದು ಜಂಬವೆಂದು ಅವನಿಗೇ ಗೊತ್ತಾಗುತ್ತಿರಲಿಲ್ಲ, ಅಷ್ಟು ಪ್ರೀತಿ ಬೆರೆತಿತ್ತು ಅದರಲ್ಲಿ.

ಅವನ ಕೆಲಸ ಗಾಜಿನ ಈಚೆಯದು. ವೇಳಾಪಟ್ಟಿಯನ್ನು ಪರದೆಗೆ ತರುವ ಪ್ರೋಗ್ರಾಮು ಅವನು ಬರೆದದ್ದು, ಫಂಕ್ಷನ್ನುಗಳನ್ನು, ಅಂದರೆ ಒಂದೊಂದೇ ಕೆಲಸ ಮಾಡುವ ಸಣ್ಣಸಣ್ಣ ಲೆಕ್ಕದ ತುಣುಕುಗಳನ್ನು, ಒಂದಕ್ಕೊಂದು ಪೋಣಿಸುತ್ತ ಹೋಗುವ ಒಂದು ಭಾಷೆಯಲ್ಲಿ. ಆಫೀಸಿನಲ್ಲಿ ಅದು ಇನ್ನೊಬ್ಬರಿಗೆ ಬಾರದು, ಅದಕ್ಕೇ ಅವನ ಕೆಲಸದ ಬಗ್ಗೆ ಯಾರೂ ಮಾತಾಡಿಸುವುದಿಲ್ಲ, ಅದಕ್ಕೇ ಅವನಿಗೆ ಅದು ಪ್ರಾಣ. ಆ ಭಾಷೆಯಲ್ಲಿ ಒಂದು ಹೆಸರಿಗೆ ಒಮ್ಮೆ ಕೊಟ್ಟ ಬೆಲೆಯನ್ನು ಆಮೇಲೆ ಯಾರೂ ತಿದ್ದುವ ಹಾಗಿಲ್ಲ. ಫಂಕ್ಷನ್ನು ತನ್ನ ಕೈಗೆ ಬಂದದ್ದನ್ನು ಮಾತ್ರ ನೋಡುತ್ತದೆ, ತನ್ನ ಉತ್ತರ ಕೊಡುತ್ತದೆ, ಸುಮ್ಮನಾಗುತ್ತದೆ. ಅಕ್ಕಪಕ್ಕದ ಯಾವುದನ್ನೂ ಮುಟ್ಟುವುದಿಲ್ಲ. ಮನುಷ್ಯರಿಗೂ ಹಾಗೆ ಬದುಕಲು ಬಂದಿದ್ದರೆ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ. ಸಾಲುಗಳನ್ನು ಅಂಕಣಕ್ಕೆ ಹೊಂದಿಸುವ ಫಂಕ್ಷನ್ನಿಗೆ ಅವನು 'ತುಂಬು' ಎಂದು ಹೆಸರಿಟ್ಟಿದ್ದ. ಒಂದು ಅಗಲ, ಒಂದು ನಿಲ್ದಾಣದ ಹೆಸರು ಕೊಟ್ಟರೆ, ಹೆಸರು ಮುಗಿದ ಜಾಗದಿಂದ ಆ ಅಗಲದವರೆಗೆ ಖಾಲಿ ಜಾಗ ತುಂಬಿ ವಾಪಸು ಕೊಡುತ್ತದೆ. ಅಗಲ ಎಷ್ಟಿರಬೇಕು? ಅದಕ್ಕೆ ಮೊದಲು ಎಲ್ಲ ಹೆಸರುಗಳನ್ನೂ ಅಳೆದು ಬರಬೇಕು, ಎಲ್ಲಕ್ಕಿಂತ ಉದ್ದನೆಯದನ್ನು ಆರಿಸಬೇಕು. ಅದು 'ಉತ್ತರ ವಿಶ್ವವಿದ್ಯಾಲಯ'. ಆ ಒಬ್ಬ ಮಹಾಶಯನ ದೆಸೆಯಿಂದ 'ಕೋಟೆ', 'ಸೇತುವೆ'ಯಂಥ ಬಡಪಾಯಿಗಳೆಲ್ಲ ತಮ್ಮ ಹಿಂದೆ ಅಷ್ಟಷ್ಟು ಖಾಲಿ ಕಟ್ಟಿಕೊಂಡು ನಿಲ್ಲುತ್ತವೆ. ಆಗ ಹೊರಡುವ ಸಮಯಗಳೆಲ್ಲ ಒಂದರ ಕೆಳಗೊಂದು ಬಂದು ಕೂರುತ್ತವೆ. ಹಾಗೆ ಕೂತ ಪರದೆಯನ್ನು ಮೊದಲ ಸಲ ನೋಡಿದಾಗ ಅವನ ಕಣ್ಣು ತುಂಬಿಬಂದಿತ್ತು ಎಂದರೆ ಯಾರಾದರೂ ನಂಬುತ್ತಾರೆಯೇ?

ಆ ಸುಖಕ್ಕೂ ಅವನು ಒದ್ದಾಡಿದ್ದ. ಯಂತ್ರದ ಎಣಿಕೆಯೇ ಬೇರೆ, ಕಣ್ಣಿನ ಎಣಿಕೆಯೇ ಬೇರೆ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ 'ಶ್ವ'ವನ್ನು ಯಂತ್ರ ಮೂರೆಂದು ಎಣಿಸುತ್ತದೆ, ಹಾಗಾಗಿ ಪರದೆಯ ಮೇಲಿನ ಅಂಕಣಗಳು ಕುಡಿದವರ ಹಾಗೆ ವಾಲಾಡುತ್ತಿದ್ದವು. ಅದಕ್ಕೆಂದೇ ಅಕ್ಷರಗಳ ಅಗಲ ಅಳೆಯುವ ಇನ್ನೊಂದು ಫಂಕ್ಷನ್ನು ಬರೆದು ಹೇಗೋ ಸರಿಮಾಡಿದ್ದ. ಆದರೆ ಬ್ರೈಲ್ ಪಟ್ಟಿಗೆ ಬಂದಾಗ ಅದು ಬೇಕಾಗಲೇ ಇಲ್ಲ. ಬ್ರೈಲ್‌ನಲ್ಲಿ ಒತ್ತಿಗೂ ಗುಣಿತಕ್ಕೂ ಅವುಗಳದ್ದೇ ಮನೆ ಬೇಕು. ಯಂತ್ರ ಎಷ್ಟು ಎಣಿಸುತ್ತದೋ ಬೆರಳೂ ಹೆಚ್ಚುಕಡಿಮೆ ಅಷ್ಟೇ ಎಣಿಸುತ್ತದೆ. "ಅಕ್ಕಾ, ಯಂತ್ರಾನೂ ನೀನೂ ಒಂದೇ ಥರ ಎಣಿಸ್ತೀರಿ ಕಣೇ!" ಎಂದು ಅವನು ಮನೆಯಲ್ಲಿ ಕುಣಿದಾಡಿದ್ದ. "ಹೌದಾ? ಪಾಪ, ಅದಕ್ಕೂ ಸಕ್ಕರೆ ಕಾಯಿಲೆ ಇರ್ಬೇಕು, ಡಾಕ್ಟ್ರಿಗೆ ತೋರಿಸು," ಎಂದಿದ್ದಳು ಅಕ್ಕ. ತಿಂಗಳುಗಟ್ಟಲೆ ಅವಳು ಮನೆಯ ಮೇಜಿನ ಮೇಲೆ ಆ ಪಟ್ಟಿಯನ್ನಿಟ್ಟುಕೊಂಡು ಅಭ್ಯಾಸ ಮಾಡಿದಳು. ಇವನು ಸುಳ್ಳುಸುಳ್ಳೇ ಪ್ರಯಾಣಿಕನಾಗಿ ಪಕ್ಕದ ಕೋಣೆಯಿಂದ ಕೂಗುತ್ತಿದ್ದ, ಒಮ್ಮೆ ಮುದುಕನ ದನಿಯಲ್ಲಿ, ಒಮ್ಮೆ ಜಗಳಗಂಟಿಯ ದನಿಯಲ್ಲಿ. ಅವಳು ಹೆಸರನ್ನು ಟೈಪು ಮಾಡುವಳು, ಸಾಲು ಏಳುವುದು, ಅವಳು ಉತ್ತರ ಹೇಳುವಳು.

ಅವನ ಎಡವಟ್ಟು ಶುರುವಾದದ್ದು ಅಲ್ಲೇ, ಒಂದು ಸಂಜೆ, ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಅವಳ ಬಲಗೈಯನ್ನೇ ನೋಡುತ್ತಿದ್ದಾಗ. ಅವಳ ತೋರುಬೆರಳು 'ಕೋಟೆ'ಯ ಮೇಲೆ ಹಾದು, ಅದರಾಚೆ ಏನೂ ಇಲ್ಲದ ಮನೆಗಳ ಮೇಲೆ ಒಂದೊಂದಾಗಿ ಜಾರುತ್ತ ಹೋಗುತ್ತಿತ್ತು. ಮೊಳೆಗಳಿಲ್ಲದ, ಸಪಾಟಾದ ಖಾಲಿ. ಅಲ್ಲಿ ಆ ಬೆರಳೊಂದೇ ಹೋಗುತ್ತಿರುವುದನ್ನು ಕಂಡು ಅವನ ಕರುಳು ಚುರುಕ್ಕೆಂದಿತು. ಅಯ್ಯೋ, ಇದು ನಾನು ತುಂಬಿದ ಖಾಲಿ! ಕಣ್ಣಿದ್ದವರು ಒಂದು ನೋಟದಲ್ಲಿ ದಾಟುವುದನ್ನು ಇವಳು ತಡಕಾಡಿ ದಾಟಬೇಕಾಗಿದೆ. ನನ್ನ ಕಣ್ಣಿನ ಚಂದಕ್ಕೆ ಇವಳ ಬೆರಳನ್ನು ಅಲೆಸುತ್ತಿದ್ದೇನೆ. ಹೀಗೆ ಯೋಚಿಸಿದವನು ಅವಳನ್ನೊಂದು ಮಾತು ಕೇಳಬಹುದಿತ್ತು. ಅವಳು ಮೂರು ಹೆಜ್ಜೆ ಆಚೆ ಕೂತಿದ್ದಳು. ಕೇಳಲಿಲ್ಲ, ಕಾಫಿ ಕೊಟ್ಟು ಬಂದ. ನಿನ್ನೆ ಮಧ್ಯಾಹ್ನ ಆಫೀಸಿನಲ್ಲಿ ಕೂತು ಅಕ್ಕನ ಪಟ್ಟಿಗೆ ಹೋಗುವ ದಾರಿಯಲ್ಲಿ 'ತುಂಬು' ಇದ್ದ ಕಡೆ 'ಅಂಟಿಸು' ಎಂಬ ಹೊಸದೊಂದನ್ನು ಹಾಕಿದ. ಹೆಸರು, ಒಂದೇ ಒಂದು ಖಾಲಿ ಮನೆ, ಸಮಯ, ಒಂದು ಖಾಲಿ ಮನೆ, ಪ್ಲಾಟ್‌ಫಾರ್ಮಿನ ಸಂಖ್ಯೆ. ಎಲ್ಲ ಹತ್ತಿರಹತ್ತಿರ, ಬೆರಳಿಗೆ ಒಂದು ಗೇಣಿನೊಳಗೆ. ಅವಳಿಗೆ ಹೇಳಲಿಲ್ಲ, ಕೌಂಟರಿನಲ್ಲಿ ಕೂತು ತಾನೇ ಕಂಡುಕೊಂಡು ಹಿಗ್ಗಲಿ ಎಂದುಕೊಂಡ. ಮನೆಗೆ ಹೋಗುವಾಗ ಬಸ್ಸಿನಲ್ಲಿ ತನ್ನಷ್ಟಕ್ಕೇ ನಗುತ್ತಿದ್ದ, ಎದುರಿನ ಹೆಂಗಸು ಮುಖ ತಿರುಗಿಸಿಕೊಳ್ಳುವಷ್ಟು.

ಫೋನು ಬಂತು. ಗಾಜಿನಲ್ಲಿ ಕಾಗದ ದಾಟಿಸುವಷ್ಟು ಒಂದು ಕಿಂಡಿ ಇದೆ, ಅದರಿಂದ ಆಚೆಯ ಮಾತು ಕೇಳಿಸುತ್ತದೆ. "ನಮಸ್ಕಾರ, ವಿಚಾರಣೆ," ಎಂದಳು ಅಕ್ಕ, ಹಳೆಯ ಅದೇ ದನಿ. ಆ ದನಿಗೋಸ್ಕರವೇ ಕೆಲವರು ಗೊತ್ತಿದ್ದ ಸಮಯವನ್ನೂ ಇನ್ನೊಮ್ಮೆ ಕೇಳಲು ಫೋನು ಮಾಡುತ್ತಾರೆಂದು ಹಿಂದೆ ಡ್ರೈವರುಗಳು ತಮಾಷೆ ಮಾಡುತ್ತಿದ್ದರು. ಯಾರೋ ಉತ್ತರ ವಿಶ್ವವಿದ್ಯಾಲಯಕ್ಕೆ ಹೋಗುವವರು. ಎಡಗೈ ಬೆರಳು ಹೆಸರಿನ ಮೇಲಿತ್ತು, ಬಲಗೈ ಬೆರಳು ಪಟ್ಟಿಯ ನಡುವೆ ಎಲ್ಲೋ ಇಳಿಯಿತು, ಇಳಿದ ತಕ್ಷಣ ಅವಳು, "ಹನ್ನೊಂದೂವರೆಗೆ ಇದೆ, ಒಂದನೇ ಪ್ಲಾಟ್‌ಫಾರ್ಮು," ಎಂದುಬಿಟ್ಟಳು. ಮೇಲ್ವಿಚಾರಕಿಯ ಪೆನ್ನು ಟಿಕ್ ಎನ್ನುವುದನ್ನು ನಿಲ್ಲಿಸಿತು. ಅಬ್ಬಾ! ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಎರಡನೆಯ ಫೋನು ಗಾಜಿನ ಕಾರ್ಖಾನೆಗೆ. ಅಕ್ಕನ ಬಲಗೈ ಬೆರಳು ಅದೇ ಜಾಗಕ್ಕೆ ಇಳಿಯಿತು, ಇಳಿದು ಅಲ್ಲೇ ನಿಂತಿತು. ಸ್ವಲ್ಪ ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು, ಮತ್ತೆ ಎಡಕ್ಕೆ. "ಒಂದು ನಿಮಿಷ, ಹಾಗೇ ಇರಿ," ಎಂದಳು. ಹೊಸದಲ್ಲವೇ, ಒಗ್ಗಿಕೊಳ್ಳುತ್ತಾಳೆ ಎಂದುಕೊಂಡ ಅವನು. ಕೊನೆಗೆ ಹನ್ನೆರಡೂಕಾಲು ಎಂದು ಸರಿಯಾಗಿಯೇ ಹೇಳಿದಳು. ಫೋನಿಟ್ಟು, ಯಾರಿಗೂ ಕಾಣದಂತೆ ಎಂದು ತಾನು ತಿಳಿದುಕೊಂಡು, ಬಲಗೈ ಹೆಬ್ಬೆರಳಿನಿಂದ ತೋರುಬೆರಳ ತುದಿಯನ್ನು ಉಜ್ಜಿಕೊಂಡಳು.

ಮೂರನೆಯದು ಒಬ್ಬ ಹೆಂಗಸಿನದು, ಹಳೇ ದೀಪಸ್ತಂಭಕ್ಕೆ ಹೋಗಬೇಕಂತೆ, ಮಧ್ಯಾಹ್ನದ ಮೇಲೆ ಯಾವುದಿದೆ ಎಂದು ಕೇಳಿರಬೇಕು. ಅಕ್ಕನ ಬೆರಳು ಇಳಿಯಿತು. ಈ ಸಲ ತಡಕಾಡಲಿಲ್ಲ, ಅಲ್ಲಿ ಒಂದು ಸಂಖ್ಯೆ ಸ್ಪಷ್ಟವಾಗಿ ಸಿಕ್ಕಿತ್ತು. "ನಾಲ್ಕು ಗಂಟೆಗೆ ಇದೆ," ಎಂದಳು, ದನಿಯಲ್ಲಿ ಎಷ್ಟು ನಿರಾಳ! ಫೋನಿಟ್ಟಳು. ಮೇಲ್ವಿಚಾರಕಿ ಪರದೆ ನೋಡಿ ಪೆನ್ನನ್ನು ಮೇಜಿನ ಮೇಲಿಟ್ಟರು. "ನಾಲ್ಕು ಗಂಟೆಗೆ ಅಲ್ಲಿಗೆ ಬಸ್ಸೇ ಇಲ್ವಲ್ಲ," ಎಂದರು, ಮೆತ್ತಗೆ. ಅವರು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ವಾಸಿಯಿತ್ತು. "ಎರಡೂವರೆಗೆ ಇರೋದು. ನಾಲ್ಕು ಪ್ಲಾಟ್‌ಫಾರ್ಮು." ಅಕ್ಕನ ಕೈ ಪಟ್ಟಿಯ ಮೇಲೆ ಹಾಗೇ ಉಳಿಯಿತು. "ಹೌದಾ," ಎಂದಳು. ಆ ಕೈಯನ್ನು ನಿಧಾನವಾಗಿ ಎತ್ತಿ, ಮುಖ ಒರೆಸಿಕೊಳ್ಳುವ ನೆಪದಲ್ಲಿ, ತೋರುಬೆರಳನ್ನು ಕೆಳತುಟಿಗೆ ತಾಗಿಸಿದಳು.

ಆಗ ಅವನಿಗೆ ಎಲ್ಲ ಒಟ್ಟಿಗೇ ಹೊಳೆಯಿತು. ಮನೆಯ ಓಣಿಯಂಥ ನಡುಮನೆಯಲ್ಲಿ ಅಡಿಗೆಮನೆಯ ಬಾಗಿಲ ಹತ್ತಿರ ಒಂದು ಸ್ಟೂಲು ಇರುತ್ತಿತ್ತು. ಅವಳು ಎಡವುತ್ತಾಳೆಂದು ಒಂದು ದಿನ ಅದನ್ನು ಎತ್ತಿ ಒಳಗಿಟ್ಟಿದ್ದ. ಸಂಜೆ ಅವಳು ಬಾಗಿಲ ಚೌಕಟ್ಟಿಗೆ ಹಣೆ ಗುದ್ದಿಕೊಂಡು ಕೂತಿದ್ದಳು. "ಇಲ್ಲಿದ್ದ ಸ್ಟೂಲು ಎಲ್ಲಿ ಹೋಯ್ತೋ, ಮೊಣಕಾಲಿಗೆ ಅದು ತಾಗಿದ್ರೇನೇ ನಂಗೆ ಬಾಗಿಲು ಬಂತು ಅಂತ ಗೊತ್ತಾಗೋದು," ಎಂದಳು. ಅವನು ಹಣೆಗೆ ಮಂಜುಗಡ್ಡೆ ಒತ್ತುತ್ತ ಸ್ಟೂಲನ್ನು ಬೈದಿದ್ದ. ಈಗಲೂ ಅದೇ. ಅವಳು ಖಾಲಿಯನ್ನು ತಡಕಾಡುತ್ತಿದ್ದದ್ದು ಕಲಿಯುವಾಗ, ಮೊದಮೊದಲು. ಆಮೇಲೆ ಅವಳ ಬೆರಳು ಖಾಲಿಯ ಮೇಲೆ ಹೋಗುವುದನ್ನೇ ಬಿಟ್ಟು ಸೀದಾ ಸಮಯದ ಅಂಕಣಕ್ಕೆ ಇಳಿಯುತ್ತಿತ್ತು, ಯಾವ ಊರಾದರೂ ಸಮಯ ಅಲ್ಲೇ ಇರುತ್ತದೆಂದು ಅದಕ್ಕೆ ಗೊತ್ತಿತ್ತು. ಅವನು ಆ ಅಂಕಣವನ್ನೇ ಕಿತ್ತುಹಾಕಿದ್ದ. ವಿಶ್ವವಿದ್ಯಾಲಯದ ಹೆಸರು ಎಲ್ಲಕ್ಕಿಂತ ಉದ್ದ, ಅದಕ್ಕೆ ಖಾಲಿ ತುಂಬುವ ಪ್ರಶ್ನೆಯೇ ಇಲ್ಲ, ಹಾಗಾಗಿ ಅದೊಂದು ಸರಿಯಾಗಿ ಬಂತು. ಕಾರ್ಖಾನೆಯ ಸಾಲಿನಲ್ಲಿ ಅವಳಿಗೆ ಸಿಕ್ಕಿದ್ದು ಸಮಯದ ಬಾಲ. ದೀಪಸ್ತಂಭದ ಸಾಲಿನಲ್ಲಿ ಪ್ಲಾಟ್‌ಫಾರ್ಮಿನ ನಾಲ್ಕು ಬಂದು ಸಮಯದ ಜಾಗದಲ್ಲಿ ಕೂತಿತ್ತು. ಪಾಪಿ, ಪಾಪಿ ಎಂದು ತನ್ನನ್ನೇ ಬೈದುಕೊಂಡ. ಆದರೆ ಅವಳೇನು ಅಂದುಕೊಳ್ಳುತ್ತಿದ್ದಾಳೆ? ಪ್ರೋಗ್ರಾಮು ಬದಲಾಗಿದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು. ಡಾಕ್ಟರು ಹೇಳಿದ್ದು ಬಂತು, ಬೆರಳು ಹೋಯಿತು ಎಂದುಕೊಂಡಿದ್ದಾಳೆ.

ಅವನ ಆ ಭಾಷೆಯ ಒಂದು ಪುಣ್ಯ, ಹಳೆಯದು ಎಲ್ಲೂ ಹೋಗಿರುವುದಿಲ್ಲ. 'ತುಂಬು' ಇದ್ದ ಜಾಗದಲ್ಲೇ ಇತ್ತು, ಅಕ್ಕನ ಪಟ್ಟಿಯ ಕಡೆಯಿಂದ ಕರೆಯುವವರಿಲ್ಲದೆ. ಒಂದು ಪದ ಅಳಿಸಿ ಒಂದು ಪದ ಹಾಕಿದರೆ ಆಯಿತು. ಎರಡು ಸಲ ತಪ್ಪು ಟೈಪು ಮಾಡಿದ. ಹಾಕಿದ ಮೇಲೆ ಸುಮ್ಮನೆ ಕೂತ. ಎದ್ದು ಹೋಗಿ ಹೇಳಬಹುದಿತ್ತು. ಆದರೆ ಮೇಲ್ವಿಚಾರಕಿ ಇದ್ದಾರೆ, ಪರೀಕ್ಷೆಯ ಹಿಂದಿನ ದಿನ ಯಾರನ್ನೂ ಕೇಳದೆ ಪ್ರೋಗ್ರಾಮಿಗೆ ಕೈ ಹಾಕಿದೆ ಎಂದರೆ ಮುಖ ಎಲ್ಲಿಡುವುದು; ಅಲ್ಲದೆ ಹೇಳದಿದ್ದರೂ ನಡೆಯುತ್ತದಲ್ಲ, ಇನ್ನು ಮುಂದಿನದೆಲ್ಲ ಸರಿ ಬರುತ್ತದೆ, ಒಂದು ತಪ್ಪನ್ನು ಮೇಲ್ವಿಚಾರಕಿ ಹೊಟ್ಟೆಗೆ ಹಾಕಿಕೊಂಡಾರು, ಅಕ್ಕನೂ ಮರೆತಾಳು. ಇಷ್ಟೆಲ್ಲ ನೆಪಗಳು ಎಷ್ಟು ಬೇಗ ಸಾಲಾಗಿ ಬಂದು ನಿಂತವು! ಅಷ್ಟರಲ್ಲಿ ನಾಲ್ಕನೆಯ ಫೋನು ಬಂದೇಬಿಟ್ಟಿತು.

ಯಾರೋ ಕೋಟೆಗೆ ಹೋಗುವವರು. ಸಾಲು ಎದ್ದಿತು, ಸಮಯ ತನ್ನ ಅಂಕಣದಲ್ಲೇ ಇತ್ತು. ಅಕ್ಕ ಬಲಗೈಯನ್ನು ಅಲ್ಲಿಗೆ ಇಳಿಸಲಿಲ್ಲ. ಎಡತುದಿಯಿಂದ ಶುರುಮಾಡಿದಳು, ಅಕ್ಷರ ಕಲಿಯುವ ಮಗುವಿನ ಹಾಗೆ, ಒಂದೊಂದೇ ಮನೆ. ಕೋಟೆ ಮುಗಿಯಿತು, ಖಾಲಿ ಶುರುವಾಯಿತು, ಖಾಲಿಯ ಒಂದೊಂದು ಮನೆಯ ಮೇಲೂ ನಿಂತಳು, ಒತ್ತಿದಳು. ಇಲ್ಲಿ ನಿಜವಾಗಿ ಏನೂ ಇಲ್ಲವೋ ಅಥವಾ ಇದ್ದದ್ದು ನನಗೆ ತಿಳಿಯುತ್ತಿಲ್ಲವೋ ಎಂದು ಅವಳು ಕೇಳಿಕೊಳ್ಳುತ್ತಿರುವುದು ಅವಳ ಕತ್ತಿನ ಹಿಂಭಾಗದಲ್ಲೇ ಕಾಣುತ್ತಿತ್ತು. ಸಮಯ ಸಿಕ್ಕಿತು. ಓದಿದಳು. ನಂಬಲಿಲ್ಲ. ಮತ್ತೆ ಎಡಕ್ಕೆ ಹೋಗಿ ಮತ್ತೆ ಓದಿದಳು. ಫೋನಿನಾಚೆಯವರು ಹಲೋ ಹಲೋ ಎನ್ನುತ್ತಿದ್ದದ್ದು ಗಾಜಿನ ಈಚೆಗೂ ಕೇಳಿಸಿತು. ಕೊನೆಗೆ ಅವಳು ಹೇಳಿದ್ದು ಸರಿಯಿತ್ತು. ಹೇಳಿದ ದನಿ ಮಾತ್ರ ಯಾರದೋ ಆಗಿತ್ತು. ಫೋನಿಟ್ಟು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಮೇಡಂ, ಸಾಕು ಅನ್ಸುತ್ತೆ," ಎಂದಳು.

"ಈಗಿಂದು ಸರಿಯಾಗೇ ಹೇಳಿದ್ರಲ್ಲ," ಎಂದರು ಮೇಲ್ವಿಚಾರಕಿ. "ಸ್ವಲ್ಪ ನಿಧಾನ ಆಯ್ತು, ಅಷ್ಟೇ."

"ಇಲ್ಲ. ಜನ ಬಸ್ಸು ತಪ್ಪಿಸ್ಕೊಂಡ್ರೆ ಕಷ್ಟ. ನಾನು ಹಿಂದಿನ ಕೋಣೆಗೇ ಹೋಗ್ತೀನಿ ಬಿಡಿ." ಮಾತು ಮುಗಿಸಿ ನಗಲು ನೋಡಿದಳು. "ಅಲ್ಲಿ ಕೊಡೆಗಳಿಗೂ ಯಾರಾದ್ರೂ ಬೇಕಲ್ಲ, ಮಾತಾಡಿಸೋಕೆ."

ಅವನು ಎದ್ದ. ಎದ್ದದ್ದು ಧೈರ್ಯದಿಂದಲ್ಲ, ಅಲ್ಲಿ ಇನ್ನು ಕೂತಿರಲು ಆಗಲಿಲ್ಲ, ಅಷ್ಟೆ. ಕುರ್ಚಿ ಹಿಂದಕ್ಕೆ ಬಿದ್ದು ದಡಾರೆಂದಿತು, ಗಾಜಿನ ಬಾಗಿಲು ಒಳಕ್ಕೆ ಎಳೆಯಬೇಕೋ ಹೊರಕ್ಕೆ ತಳ್ಳಬೇಕೋ ಎಂದು ದಿನಾ ಓಡಾಡುವವನಿಗೇ ಮರೆತುಹೋಯಿತು. ಅಕ್ಕನ ಪಕ್ಕಕ್ಕೆ ಬಂದು ನಿಂತ. ಏನು ಹೇಳಬೇಕೆಂದು ಬರುತ್ತ ಹೊಂದಿಸಿಕೊಂಡದ್ದೆಲ್ಲ ಚೆಲ್ಲಾಪಿಲ್ಲಿಯಾಗಿತ್ತು.

"ಅಕ್ಕಾ, ತಪ್ಪು ನಂದು."

"ನಿಂದೇನೋ ತಪ್ಪು? ಹೋಗು, ಕೆಲಸ ನೋಡ್ಕೋ."

"ಅಲ್ಲ, ಕೇಳು. ನಿನ್ನೆ ಮಧ್ಯಾಹ್ನ ನಿನ್ನ ಪಟ್ಟಿಯಲ್ಲಿ ಖಾಲಿ ಜಾಗ ಎಲ್ಲಾ ತೆಗೆದುಹಾಕಿದ್ದೆ. ಸಮಯ ಒಂದೊಂದು ಸಾಲಿನಲ್ಲಿ ಒಂದೊಂದು ಕಡೆ ಬರ್ತಿತ್ತು. ನೀನು ಓದಿದ ನಾಲ್ಕು ನಿಜವಾಗ್ಲೂ ನಾಲ್ಕೇ. ಪ್ಲಾಟ್‌ಫಾರ್ಮಿನ ನಾಲ್ಕು. ಈಗ್ತಾನೇ ಹಳೇದನ್ನೇ ವಾಪಸ್ ಹಾಕ್ದೆ, ಅದಕ್ಕೇ ಕೋಟೇದು ಸರಿ ಬಂತು. ಹೇಳದೇ ಸುಮ್ಮನೆ ಇದ್ದುಬಿಡೋಣ ಅಂತ ಕೂತಿದ್ದೆ."

ಮೇಲ್ವಿಚಾರಕಿ ಅವನ ಕಡೆ ತಿರುಗಿದರು. "ಪರೀಕ್ಷೆ ಹಿಂದಿನ ದಿನ? ನನ್ನನ್ನೂ ಕೇಳ್ದೆ, ಅವರನ್ನೂ ಕೇಳ್ದೆ?"

"ಹೌದು ಮೇಡಂ."

"ನಿಮ್ಮ ಹತ್ರ ಆಮೇಲೆ ಮಾತಾಡ್ತೀನಿ," ಎಂದರು. ಆ 'ಆಮೇಲೆ' ಹೇಗಿರುತ್ತದೆಂದು ಆಫೀಸಿನವರಿಗೆಲ್ಲ ಗೊತ್ತು. ಅವನಿಗೆ ಈಗ ಅದು ಲೆಕ್ಕಕ್ಕೇ ಬರಲಿಲ್ಲ, ಅವನು ಅಕ್ಕನ ಮುಖವನ್ನೇ ನೋಡುತ್ತಿದ್ದ. ಅವಳು ಕೋಪ ಮಾಡಿಕೊಳ್ಳುತ್ತಾಳೆಂದು ಕಾಯುತ್ತಿದ್ದ, ಕೋಪ ಮಾಡಿಕೊಳ್ಳಲಿ ಎಂದು ಬೇಡಿಕೊಳ್ಳುತ್ತಿದ್ದ. ಅವಳ ಮುಖದಲ್ಲಿ ಕೋಪದ ಸುಳಿವೇ ಇರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು.

"ಹಾಗಾದ್ರೆ ಬೆರಳಲ್ವಾ?" ಎಂದಳು.

"ಬೆರಳಲ್ಲ ಅಕ್ಕ."

"ನಿಜ ಹೇಳು. ನಂಗೆ ಬೇಜಾರಾಗುತ್ತೆ ಅಂತ ಕಥೆ ಕಟ್ಟಬೇಡ. ನಿಂಗೆ ಆ ಅಭ್ಯಾಸ ಇದೆ."

"ಅಮ್ಮನಾಣೆ. ನಿನ್ನ ಬೆರಳು ನೆಟ್ಟಗಿದೆ. ಕೆಟ್ಟಿರೋದು ನನ್ನ ತಲೆ."

ಅಕ್ಕ, ಯಾರೂ ನಿರೀಕ್ಷಿಸದ ಹಾಗೆ, ಕೈಯೆತ್ತಿ ಗಾಳಿಯಲ್ಲಿ ಅವನನ್ನು ಹುಡುಕಿ, ಸಿಕ್ಕ ತೋಳಿಗೆ ಫಟಾರೆಂದು ಒಂದು ಕೊಟ್ಟಳು. "ಮೊದ್ದು! ಕತ್ತೆ! ಕೇಳೋಕೆ ಏನಾಗಿತ್ತೋ ನಿಂಗೆ, ನಾಲಿಗೆ ಬಿದ್ದುಹೋಗಿತ್ತಾ?" ಎನ್ನುತ್ತ ಹೊಡೆದ ತೋಳನ್ನೇ ಗಟ್ಟಿಯಾಗಿ ಹಿಡಿದುಕೊಂಡು, ಅದಕ್ಕೆ ಹಣೆಯೊತ್ತಿ ಬಿಕ್ಕಳಿಸಿ ಅಳತೊಡಗಿದಳು. ಕಣ್ಣು ಹೋದಾಗ ಅಳದವಳು. ಕೌಂಟರಿನಾಚೆ ಟಿಕೆಟಿಗೆ ನಿಂತಿದ್ದ ಇಬ್ಬರು ನೋಡಿ ಮುಖ ತಿರುಗಿಸಿಕೊಂಡರು. ಅವನಿಗೆ ತನ್ನ ತೋಳನ್ನು ಏನು ಮಾಡಬೇಕೆಂದು ತೋಚಲಿಲ್ಲ, ಜೀವಮಾನದಲ್ಲಿ ಮೊದಲ ಸಲವೆಂಬಂತೆ ಏನೂ ಮಾಡದೆ ಸುಮ್ಮನೆ ನಿಂತ. ಅವಳು ಅಳುವಷ್ಟು ಅತ್ತಳು. ಅವನ ಅಂಗಿಯ ತೋಳಿಗೇ ಮೂಗೊರೆಸಿಕೊಂಡಳು.

ಮೇಲ್ವಿಚಾರಕಿ ಮೇಜಿನ ಮೇಲಿನ ಪೆನ್ನು ಎತ್ತಿಕೊಂಡರು. "ಆ ದೀಪಸ್ತಂಭದವರು ನಾಲ್ಕು ಗಂಟೆಗೆ ಬಂದು ನಿಂತರೆ ನನ್ನ ಪ್ರಾಣ ತಿಂತಾರೆ," ಎಂದರು. "ಫೋನಲ್ಲಿ ಅವರ ನಂಬರ್ ಉಳಿದಿರುತ್ತೆ. ನಾನು ಮಾಡಿ ಹೇಳ್ಲಾ?"

"ಬೇಡ ಮೇಡಂ," ಎಂದಳು ಅಕ್ಕ ಥಟ್ಟನೆ. "ನಾನು ಹೇಳಿದ ತಪ್ಪು, ನಾನೇ ಮಾಡ್ತೀನಿ."

"ಮಾಡಿ. ಅದಾದ್ಮೇಲೆ ಊಟಕ್ಕೆ ಹೋಗಿ ಬನ್ನಿ. ಬಂದು ಇಲ್ಲೇ ಕೂತ್ಕೋಬೇಕು, ಹಿಂದಿನ ಕೋಣೆ ಪಾಣೆ ಅಂತೆಲ್ಲ ಆಟ ಆಡಬೇಡಿ. ಇವತ್ತಿಂದ ಈ ಕುರ್ಚಿ ನಿಮ್ಮದು." ಅವರು ಎದ್ದು ತಾವು ತಂದಿದ್ದ ಕುರ್ಚಿಯನ್ನು ಎಳೆದುಕೊಂಡು ಹೋದರು. ಹೋಗುತ್ತ ಅವನನ್ನೊಮ್ಮೆ ನೋಡಿದರು, ಆ ನೋಟದಲ್ಲಿ 'ಆಮೇಲೆ' ಹಾಗೇ ಇತ್ತು.

ಅಕ್ಕ ಕಣ್ಣೊರೆಸಿಕೊಂಡಳು. 'ಹಳೇ ದೀಪಸ್ತಂಭ' ಎಂದು ಟೈಪು ಮಾಡಿದಳು, ಮೊಳೆಗಳು ಸಣ್ಣಗೆ ಕಿರಕಿರ ಸದ್ದು ಮಾಡುತ್ತ ಎದ್ದವು. ಫೋನಿನ ಗುಂಡಿ ಒತ್ತಲು ಅವನ ಕೈ ತಾನಾಗಿ ಮುಂದೆ ಹೋಯಿತು. ಅರ್ಧದಲ್ಲಿ ನಿಂತಿತು. "ಅಕ್ಕಾ, ನಂಬರ್ ನಾನು ಒತ್ತಲಾ?" ಎಂದು ಕೇಳಿದ. ಅವಳ ಹುಬ್ಬು ಮೇಲೇರಿತು. "ಅಬ್ಬಬ್ಬಾ, ಕೇಳೋಕೂ ಬರುತ್ತೆ," ಎಂದಳು. "ಬೇಡ. ಓದಿ ಹೇಳು, ನಾನು ಒತ್ತೀನಿ." ಅವನು ನಂಬರು ಹೇಳಿದ, ಅವಳು ಒತ್ತಿದಳು. ಆ ಕಡೆ ಗಂಟೆ ಹೊಡೆದುಕೊಳ್ಳುತ್ತಿರುವಷ್ಟು ಹೊತ್ತೂ ಬಲಗೈಯನ್ನು ಪಟ್ಟಿಯಿಂದ ಮೇಲೆ ಎತ್ತಿ ಹಿಡಿದಿದ್ದಳು.

"ನಮಸ್ಕಾರ, ಬಸ್ ನಿಲ್ದಾಣದಿಂದ," ಎಂದಳು. ದನಿ ಇನ್ನೂ ಒದ್ದೆಯಿತ್ತು. "ಆಗ್ಲೇ ಹಳೇ ದೀಪಸ್ತಂಭದ ಬಸ್ಸು ಕೇಳಿದ್ರಲ್ಲ, ನಾನು ನಾಲ್ಕು ಗಂಟೆ ಅಂದುಬಿಟ್ಟೆ. ತಪ್ಪಾಯ್ತು. ಒಂದು ಕ್ಷಣ." ಬೆರಳು ಇಳಿಯಿತು. ತಡಕಲಿಲ್ಲ, ಅಲ್ಲೇ ನಿಂತಿತು. "ಎರಡೂವರೆಗೆ ಹೊರಡುತ್ತೆ, ನಾಲ್ಕನೇ ಪ್ಲಾಟ್‌ಫಾರ್ಮಿಂದ."

ಆ ಕಡೆಯ ಹೆಂಗಸು ಸುಮ್ಮನೆ ಒಪ್ಪಿಕೊಳ್ಳುವ ಹಾಗಿರಲಿಲ್ಲ. ಈಗೊಂದು ಹೇಳ್ತೀರಿ ಆಗೊಂದು ಹೇಳ್ತೀರಿ, ಇದಾದರೂ ಖಂಡಿತಾನಾ, ಯಾರನ್ನಾದರೂ ಕೇಳಿ ಹೇಳಿ ಎಂದು ಅವಳು ಗದರುತ್ತಿದ್ದದ್ದು ಪಕ್ಕದಲ್ಲಿ ನಿಂತ ಅವನಿಗೂ ಕೇಳಿಸಿತು. ಅಕ್ಕ ಪೂರ್ತಿ ಬೈಸಿಕೊಂಡಳು.

"ಖಂಡಿತ ರೀ," ಎಂದಳು. "ಯಾರನ್ನೂ ಕೇಳಬೇಕಾಗಿಲ್ಲ. ನಾನೇ ಓದ್ತಾ ಇದೀನಿ."